ಬೀಳೋ ಕಲ್ಲಿಗೆ ದಾರಿ ಯಾರು ಹೇಳ್ಕೊಟ್ರು?

ಮೇಲಕ್ಕೆ ಎಸೆದ ಕಲ್ಲು ಸ್ವಲ್ಪ ಎತ್ತರ ಹೋಗುತ್ತೆ, ತುದೀಲಿ ಒಂದು ಕ್ಷಣ ನಿಂತಂಗೆ ಮಾಡುತ್ತೆ, ಆಮೇಲೆ ಇಳಿದು ಬರುತ್ತೆ. ಯಾಕೆ ಹೀಗೆ ಅಂದ್ರೆ ನಮಗೆಲ್ಲ ಬಾಯಿಪಾಠ ಆಗಿರೋ ಉತ್ತರ ಒಂದಿದೆ, ಭೂಮಿ ಎಳೆಯುತ್ತೆ. ಈ ಉತ್ತರ ಇಟ್ಕೊಂಡು ರಾಕೆಟ್ ಹಾರಿಸಬಹುದು, ಸೇತುವೆ ಕಟ್ಟಬಹುದು, ಮುಂದಿನ ಗ್ರಹಣ ಯಾವತ್ತು ಅಂತ ಹೇಳಬಹುದು, ಹಾಗಾಗಿ ಅದನ್ನ ತಪ್ಪು ಅನ್ನೋಕೆ ಯಾರಿಗೂ ಮನಸ್ಸು ಬರಲ್ಲ. ಆದ್ರೆ 1915ರಲ್ಲಿ ಐನ್‌ಸ್ಟೈನ್ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಕೊಟ್ಟಲ್ಲಿಂದೀಚೆಗೆ ಭೌತಶಾಸ್ತ್ರ ಹೇಳ್ತಿರೋ ಕಥೆ ಬೇರೆನೇ ಇದೆ. ಆ ಕಲ್ಲನ್ನ ಯಾರೂ ಎಳೀತಿಲ್ಲ, ಅದು ತನ್ನ ಪಾಡಿಗೆ ನೇರವಾಗಿ ಹೋಗ್ತಿದೆ, ಸೊಟ್ಟಗೆ ಹೋಗ್ತಿರೋದು ನೆಲದ ಮೇಲೆ ನಿಂತು ಅದನ್ನ ನೋಡ್ತಿರೋ ನಾವು.

ಭಾರದ ವಸ್ತುಗಳು ಸುತ್ತಲಿನ ಜಾಗ ಮತ್ತು ಕಾಲವನ್ನ ಬಾಗಿಸುತ್ತವೆ ಅನ್ನೋ ಈ ವಿಷಯ ಬಂದ್ರೆ ಸಾಕು, ಎಲ್ರೂ ಒಂದು ರಬ್ಬರ್ ಹಾಳೆ ಹಿಡ್ಕೊಂಡು ಬರ್ತಾರೆ. ಬಿಗಿಯಾಗಿ ಎಳೆದು ಕಟ್ಟಿದ ಹಾಳೆ, ಮಧ್ಯದಲ್ಲಿ ಭಾರದ ಗುಂಡು, ಸುತ್ತ ಹಳ್ಳ, ಗೋಲಿ ಉರುಳಿ ಹಳ್ಳಕ್ಕೆ ಬೀಳುತ್ತೆ, ನೋಡಿ ಇದೇ ಗುರುತ್ವ ಅಂತಾರೆ. ನಂಗೆ ಈ ಹಾಳೆ ಕಂಡ್ರೆ ಆಗಲ್ಲ. ಮೊದಲನೇದಾಗಿ ಆ ಗೋಲಿ ಹಳ್ಳಕ್ಕೆ ಯಾಕೆ ಬೀಳುತ್ತೆ ಹೇಳಿ, ಕೆಳಗಡೆ ಭೂಮಿ ಎಳೀತಿದೆ ಅಂತ ತಾನೇ, ಅಂದ್ರೆ ಗುರುತ್ವ ವಿವರಿಸೋಕೆ ಗುರುತ್ವಾನೇ ಸಾಲ ತಂದ ಹಾಗಾಯ್ತು. ಅದಾದ್ರೂ ಹೋಗ್ಲಿ ಅನ್ನಬಹುದು. ಅದಕ್ಕಿಂತ ದೊಡ್ಡ ತಕರಾರು ಅಂದ್ರೆ ಆ ಹಾಳೇಲಿ ಕಾಲಾನೇ ಇಲ್ಲ. ಬಾಗಿರೋದು ಬರೀ ಜಾಗ ಅನ್ನೋ ಹಾಗೆ ತೋರಿಸ್ತಾರೆ. ಕೈಯಲ್ಲಿ ಅಲ್ಲಾಡದೆ ಹಿಡ್ಕೊಂಡಿರೋ ಕಲ್ಲನ್ನ ಸುಮ್ನೆ ಬಿಟ್ರೆ ಅದು ಬೀಳುತ್ತಲ್ಲ, ಬಿಟ್ಟ ಆ ಕ್ಷಣದಲ್ಲಿ ಅದು ಜಾಗದಲ್ಲಿ ಎಲ್ಲಿಗೂ ಹೋಗ್ತಾ ಇರಲ್ಲ, ಹೋಗ್ತಾನೇ ಇಲ್ದಿರೋ ವಸ್ತುವಿಗೆ ಜಾಗ ಬಾಗಿದ್ರೆಷ್ಟು ಬಿಟ್ರೆಷ್ಟು? ಆದ್ರೆ ಕಾಲದಲ್ಲಿ ಅದು ಹೋಗ್ತಾನೇ ಇದೆ, ಎಲ್ಲರ ಥರ, ಒಂದು ಸೆಕೆಂಡಿಗೆ ಒಂದು ಸೆಕೆಂಡು. ಬೀಳೋದ್ರ ಗುಟ್ಟು ಇರೋದು ಅಲ್ಲಿ. ದಿನನಿತ್ಯ ನಾವು ನೋಡೋ ಬೀಳುವಿಕೆ ಹೆಚ್ಚುಕಮ್ಮಿ ಪೂರ್ತಿಯಾಗಿ ಕಾಲದ ಬಾಗಿನ ಕೆಲಸ, ಜಾಗದ ಬಾಗಿಗೆ ಅದರಲ್ಲಿ ಸಿಗೋ ಪಾಲು ಲೆಕ್ಕಕ್ಕೇ ಬರದಷ್ಟು ಚಿಕ್ಕದು.

ಅಲ್ಲಿಗೆ ಹೋಗೋ ಮುಂಚೆ ಒಂದು ಹಳೇ ಒಗಟು ನೋಡ್ಬಿಡೋಣ. ಭಾರ ಇರೋದು, ಹಗುರ ಇರೋದು, ಕಬ್ಬಿಣ, ಮರ, ಏನೇ ಇರಲಿ, ಗಾಳಿ ಅಡ್ಡ ಬರದಿದ್ರೆ ಎಲ್ಲಾ ಒಂದೇ ಥರ ಬೀಳುತ್ತೆ. ಗೆಲಿಲಿಯೋ ಕಾಲದಿಂದ ಗೊತ್ತಿರೋ ವಿಷಯ. 1971ರ ಆಗಸ್ಟ್‌ನಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಒಂದು ಕೈಲಿ ಸುತ್ತಿಗೆ ಇನ್ನೊಂದು ಕೈಲಿ ಡೇಗೆಯ ಗರಿ ಹಿಡಿದು ಒಟ್ಟಿಗೆ ಬಿಟ್ರು, ಎರಡೂ ಒಟ್ಟಿಗೇ ನೆಲ ಮುಟ್ಟಿದ್ವು. 2016ರಲ್ಲಿ ಹಾರಿಸಿದ ಫ್ರೆಂಚ್ ಉಪಗ್ರಹ ಮೈಕ್ರೋಸ್ಕೋಪ್ ಟೈಟಾನಿಯಂ ಮತ್ತು ಪ್ಲಾಟಿನಂ ಮಿಶ್ರಲೋಹದ ಸಿಲಿಂಡರ್‌ಗಳನ್ನ ಕಕ್ಷೇಲಿ ತಿಂಗಳುಗಟ್ಟಲೆ ಬೀಳಿಸ್ತಾನೇ ಇತ್ತು, 2022ರಲ್ಲಿ ಬಂದ ಅಂತಿಮ ಫಲಿತಾಂಶದ ಪ್ರಕಾರ ಹತ್ತು ಕೋಟಿ ಕೋಟಿಯಲ್ಲಿ ಕೆಲವೇ ಭಾಗಗಳ ನಿಖರತೆ ತನಕ ಎರಡರ ಮಧ್ಯೆ ಏನೂ ವ್ಯತ್ಯಾಸ ಸಿಗಲಿಲ್ಲ. 2023ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಪ್ರತಿದ್ರವ್ಯದ (ಸಾಮಾನ್ಯ ದ್ರವ್ಯದ ಥರಾನೇ ಇದ್ದು ವಿದ್ಯುದಂಶ ಮಾತ್ರ ಉಲ್ಟಾ ಇರೋದು) ಹೈಡ್ರೋಜನ್ ಕೂಡ ಕೆಳಗಡೆಗೇ ಬೀಳುತ್ತೆ ಅಂತ ನೋಡಿದ್ರು (ಮೇಲಕ್ಕೆ ಬೀಳಬಹುದು ಅಂತ ಆಸೆ ಇಟ್ಕೊಂಡೋರೂ ಇದ್ರು, ಪಾಪ).

ನ್ಯೂಟನ್ ಲೆಕ್ಕದಲ್ಲಿ ಇದು ಒಂದು ವಿಚಿತ್ರ ಕಾಕತಾಳೀಯ. ಹತ್ತು ಪಟ್ಟು ಭಾರ ಇರೋದನ್ನ ಭೂಮಿ ಹತ್ತು ಪಟ್ಟು ಜೋರಾಗಿ ಎಳೆಯುತ್ತೆ, ಅದನ್ನ ಅಲ್ಲಾಡಿಸೋದೂ ಹತ್ತು ಪಟ್ಟು ಕಷ್ಟ, ಎರಡೂ ಸರಿಯಾಗಿ ವಜಾ ಆಗಿ ಕೊನೆಗೆ ಎಲ್ಲಾದಕ್ಕೂ ಒಂದೇ ಉತ್ತರ. ಬೇರೆ ಯಾವ ಬಲಾನೂ ಹೀಗೆ ಮಾಡಲ್ಲ. ಅಯಸ್ಕಾಂತದ ಮುಂದೆ ಕಬ್ಬಿಣಕ್ಕೂ ಮರಕ್ಕೂ ಒಂದೇ ಗತಿಯಾ? ಅಲ್ಲವಲ್ಲ. ಬೀಳೋ ದಾರಿ ವಸ್ತು ಯಾವುದು ಅನ್ನೋದ್ರ ಮೇಲೆ ಒಂಚೂರೂ ನಿಂತಿಲ್ಲ ಅಂದ್ರೆ, ಆ ದಾರಿ ವಸ್ತುವಿನ ಗುಣಾನೇ ಅಲ್ವೇನೋ, ಅದು ಓಡಾಡೋ ಅಂಗಳದ್ದೇ ಗುಣ ಇರಬಹುದೇನೋ ಅನ್ನೋ ಅನುಮಾನ ಸಹಜವಾಗಿ ಬರಬೇಕಿತ್ತು, ಆದ್ರೆ ಬರೋಕೆ ಎರಡು ಶತಮಾನಕ್ಕಿಂತ ಜಾಸ್ತಿ ಹಿಡೀತು.

1907ರಲ್ಲಿ, ಬರ್ನ್ ಪೇಟೆಂಟ್ ಆಫೀಸಲ್ಲಿ ಇನ್ನೂ ಕೆಲಸ ಮಾಡ್ತಿದ್ದ ಐನ್‌ಸ್ಟೈನ್‌ಗೆ ಹೊಳೆದಿದ್ದು ಸರಳ ವಿಷಯ, ಮೇಲಿಂದ ಬೀಳ್ತಿರೋ ಮನುಷ್ಯನಿಗೆ ತನ್ನ ತೂಕ ಗೊತ್ತಾಗಲ್ಲ. ತನ್ನ ಬದುಕಿನ ಅತ್ಯಂತ ಸಂತೋಷದ ಯೋಚನೆ ಇದು ಅಂತ ಆಮೇಲೆ ಅವರೇ ಬರ್ಕೊಂಡಿದಾರೆ. ಈಗ ಇದನ್ನ ಪರೀಕ್ಷೆ ಮಾಡೋಕೆ ಛಾವಣಿ ಹತ್ತಬೇಕಿಲ್ಲ, ಎಲ್ಲರ ಫೋನಲ್ಲೂ ಆಕ್ಸೆಲೆರೋಮೀಟರ್ ಅನ್ನೋ ಸೆನ್ಸರ್ ಇದೆ. ಫೋನನ್ನ ಟೇಬಲ್ ಮೇಲೆ ಸುಮ್ನೆ ಇಟ್ಟು ಆ ಸೆನ್ಸರ್ ಏನು ಹೇಳುತ್ತೆ ನೋಡಿದ್ರೆ 9.8 ತೋರಿಸುತ್ತೆ, ದಿಕ್ಕು ಮೇಲಕ್ಕೆ. ಕೈಬಿಟ್ಟು ಮೆತ್ತನೆ ಹಾಸಿಗೆ ಮೇಲೆ ಬೀಳಿಸಿದ್ರೆ ಗಾಳಿಯಲ್ಲಿರೋ ಅಷ್ಟೂ ಹೊತ್ತು ಸೊನ್ನೆ ಹತ್ರ. ನಮ್ಮ ಸ್ಕೂಲ್ ಪಾಠದ ಪ್ರಕಾರ ಟೇಬಲ್ ಮೇಲಿರೋ ಫೋನ್ ವೇಗೋತ್ಕರ್ಷ (ಅಂದ್ರೆ ವೇಗ ಬದಲಾಗೋದು) ಇಲ್ಲದ್ದು, ಬೀಳ್ತಿರೋದು ವೇಗೋತ್ಕರ್ಷ ಇರೋದು, ಸೆನ್ಸರ್ ನೋಡಿದ್ರೆ ಸರಿಯಾಗಿ ಉಲ್ಟಾ ಹೇಳ್ತಿದೆ. ಸೆನ್ಸರ್ ಕೆಟ್ಟಿಲ್ಲ. ಅದಕ್ಕೆ ಗೊತ್ತಾಗೋದು ಒಂದೇ ವಿಷಯ, ತನ್ನನ್ನ ಯಾರಾದ್ರೂ ದಬ್ತಾ ಇದಾರಾ ಇಲ್ವಾ ಅಂತ. ಟೇಬಲ್ ದಬ್ತಾ ಇದೆ. ಬೀಳೋವಾಗ ಯಾರೂ ದಬ್ತಿಲ್ಲ. ನಾವು ತೂಕ ಅಂತ ಕರೆಯೋದು ಪಾದದ ಕೆಳಗಿನ ನೆಲ ನಮ್ಮನ್ನ ಮೇಲಕ್ಕೆ ದಬ್ಬೋ ಒತ್ತಡಾನ, ಭೂಮಿಯ ಎಳೆತವನ್ನ ಇವತ್ತಿನ ತನಕ ಯಾರ ಮೈಯೂ ಅನುಭವಿಸಿಲ್ಲ.

ಸರಿ, ಯಾರೂ ದಬ್ಬದ ವಸ್ತು ನೇರವಾಗಿ ಹೋಗುತ್ತೆ ಅನ್ನೋದು ನ್ಯೂಟನ್ನನ ಮೊದಲನೇ ನಿಯಮಾನೇ. ಹಾಗಿದ್ರೆ ಬೀಳೋ ಕಲ್ಲು ನೇರವಾಗಿ ಹೋಗ್ತಿದೆ ಅನ್ನಬೇಕು, ಆದ್ರೆ ಕಣ್ಣಿಗೆ ಕಾಣ್ತಿರೋದು ಕಮಾನು. ಇಲ್ಲಿ ಸಿಕ್ಕಿಹಾಕ್ಕೊಳ್ಳೋದು ನಾವು ಜಾಗದ ಚಿತ್ರ ಮಾತ್ರ ಬರೀತೀವಿ ಅನ್ನೋ ಕಾರಣಕ್ಕೆ. 30 ಮೀಟರ್ ದೂರದಲ್ಲಿರೋ ಒಬ್ಬರಿಗೆ ಚೆಂಡನ್ನ ಎತ್ತರಕ್ಕೆ ಎಸೀರಿ, 2 ಸೆಕೆಂಡಲ್ಲಿ ತಲುಪೋ ಹಾಗೆ. ಮಧ್ಯದಲ್ಲಿ ಅದು 4.9 ಮೀಟರ್ ಮೇಲೆದ್ದಿರುತ್ತೆ, ದೊಡ್ಡ ಕಮಾನು. ಅದೇ ದೂರಕ್ಕೆ ಸೆಕೆಂಡಿಗೆ 600 ಮೀಟರ್ ಓಡೋ ಬಂದೂಕಿನ ಗುಂಡು ಹೋಗೋಕೆ 0.05 ಸೆಕೆಂಡ್ ಸಾಕು, ಅದರ ಕಮಾನಿನ ಎತ್ತರ ಬರೀ 3 ಮಿಲಿಮೀಟರ್. ಎರಡೂ ಬೀಳ್ತಾನೇ ಇವೆ, ಶುರು ಆದ ಜಾಗ ಮುಗಿದ ಜಾಗ ಒಂದೇ, ಆದ್ರೆ ಬಾಗಿನಲ್ಲಿ ಅಜಗಜಾಂತರ. ಬಾಗಿರೋದು ಜಾಗ ಆಗಿದ್ರೆ ಇಬ್ಬರಿಗೂ ಒಂದೇ ದಾರಿ ಸಿಗಬೇಕಿತ್ತು ತಾನೇ?

ಈಗ ಕಾಲಾನೂ ಸೇರಿಸಿ ಚಿತ್ರ ಬರೆಯೋಣ. ಕಾಲವನ್ನ ಮೀಟರಲ್ಲಿ ಅಳೀಬೇಕಂದ್ರೆ ಬೆಳಕಿನ ವೇಗದಿಂದ ಗುಣಿಸಬೇಕು, 1 ಸೆಕೆಂಡ್ ಅಂದ್ರೆ 3 ಲಕ್ಷ ಕಿಲೋಮೀಟರ್. ಆಗ ಚೆಂಡು ಕಾಲದ ದಿಕ್ಕಲ್ಲಿ 6 ಲಕ್ಷ ಕಿಲೋಮೀಟರ್ ಹೋಗೋ ಹೊತ್ತಿಗೆ 4.9 ಮೀಟರ್ ಮಾತ್ರ ಮೇಲೆದ್ದು ಇಳಿದಿದೆ. ಗುಂಡು 15 ಸಾವಿರ ಕಿಲೋಮೀಟರ್ ಹೋಗೋ ಹೊತ್ತಿಗೆ 3 ಮಿಲಿಮೀಟರ್. ಇವೆರಡನ್ನೂ ದೊಡ್ಡ ವೃತ್ತದ ಚಿಕ್ಕ ತುಂಡು ಅಂತ ತಗೊಂಡು ತ್ರಿಜ್ಯ ಲೆಕ್ಕ ಹಾಕಿದ್ರೆ ಎರಡಕ್ಕೂ ಒಂದೇ ಉತ್ತರ ಬರುತ್ತೆ, ಸುಮಾರು 9.2 ಲಕ್ಷ ಕೋಟಿ ಕಿಲೋಮೀಟರ್, ಒಂದು ಜ್ಯೋತಿರ್ವರ್ಷಕ್ಕೆ ಸ್ವಲ್ಪ ಕಮ್ಮಿ. ಈ ಲೆಕ್ಕ ಹಾಕೋಕೆ ಹೈಸ್ಕೂಲ್ ಗಣಿತ ಸಾಕು, ಪೇಪರ್ ಪೆನ್ನು ತಗೊಂಡು ಒಂದ್ಸಲ ಮಾಡಿ ನೋಡಿ, ಓದೋದಕ್ಕಿಂತ ಮಾಡಿದಾಗ ಬೇರೆ ಥರ ಖುಷಿ. ಅಷ್ಟು ಬೇರೆ ಬೇರೆಯಾಗಿ ಕಾಣ್ತಿದ್ದ ಎರಡು ಕಮಾನು ಸ್ಪೇಸ್‌ಟೈಮಲ್ಲಿ, ಅಂದ್ರೆ ಜಾಗ ಕಾಲ ಎರಡೂ ಸೇರಿದ ಚಿತ್ರದಲ್ಲಿ, ಒಂದೇ ಬಾಗು. ಆ ಬಾಗು ಕೂಡ ಚೆಂಡಿಂದಲ್ಲ, ನಾವು ನೇರ ಅಂತ ನಂಬಿಕೊಂಡು ಅಳತೆಗೆ ಇಟ್ಕೊಂಡಿರೋ ನೆಲದ್ದು. ನೆಲ ನಮ್ಮನ್ನ ದಬ್ಬಿ ದಬ್ಬಿ ನೇರ ದಾರಿ ತಪ್ಪಿಸ್ತಿರೋದ್ರಿಂದ ನಮ್ಮ ಗೆರೆ ಆ ತ್ರಿಜ್ಯದಲ್ಲಿ ಬಾಗಿದೆ, ಬಾಗಿದ ಗೆರೆ ಮೇಲೆ ನಿಂತು ನೋಡೋವ್ರಿಗೆ ನೇರ ಗೆರೆ ಬಾಗಿದ ಹಾಗೆ ಕಾಣುತ್ತೆ.

ಹಾಗಾದ್ರೆ ಸ್ಪೇಸ್‌ಟೈಮಲ್ಲಿ ನೇರ ಅಂದ್ರೆ ಏನು? ಕಾಗದದ ಮೇಲೆ ಎರಡು ಚುಕ್ಕೆ ಮಧ್ಯೆ ನೇರ ಗೆರೆ ಅಂದ್ರೆ ಅತಿ ಕಮ್ಮಿ ದೂರ. ಸ್ಪೇಸ್‌ಟೈಮಲ್ಲಿ ಚುಕ್ಕೆ ಅಂದ್ರೆ ಘಟನೆ, ಇಂಥ ಜಾಗ ಇಂಥ ಹೊತ್ತು. ಎರಡು ಘಟನೆ ಮಧ್ಯೆ ಅಳೆಯೋದು ಅಲ್ಲಿಂದ ಇಲ್ಲಿಗೆ ಪ್ರಯಾಣ ಮಾಡಿದವರ ಸ್ವಂತ ಗಡಿಯಾರದಲ್ಲಿ ಎಷ್ಟು ಹೊತ್ತು ಕಳೀತು ಅಂತ. ಇಲ್ಲಿ ಒಂದು ಮೈನಸ್ ಚಿಹ್ನೆಯ ಕಾರಣಕ್ಕೆ ಎಲ್ಲಾ ತಿರುಗಾಮುರುಗಾ, ನೇರವಾಗಿ ಹೋದವರ ಗಡಿಯಾರದಲ್ಲಿ ಅತಿ ಹೆಚ್ಚು ಹೊತ್ತು ಕಳೆದಿರುತ್ತೆ, ಅತ್ತಿತ್ತ ಸೊಟ್ಟ ತಿರುಗಿ ಬಂದವರದ್ದು ಕಮ್ಮಿ. ಅವಳಿಗಳಲ್ಲಿ ಒಬ್ಬರು ರಾಕೆಟಲ್ಲಿ ಹೋಗಿ ವಾಪಸ್ ಬಂದಾಗ ಮನೇಲಿದ್ದವರಿಗಿಂತ ಚಿಕ್ಕವರಾಗಿರ್ತಾರಲ್ಲ, ಆ ಕಥೆ ಇದೇ. ಬಾಗಿದ ಸ್ಪೇಸ್‌ಟೈಮಲ್ಲಿ ಸಾಧ್ಯವಾದಷ್ಟು ನೇರ ಇರೋ ಇಂಥ ದಾರಿಗೆ ಜಿಯೋಡೆಸಿಕ್ ಅಂತಾರೆ.

ಇನ್ನು ಕಾಲ ಬಾಗಿದೆ ಅನ್ನೋ ಮಾತು. ಇದರ ಅರ್ಥ ತುಂಬಾ ನೇರ, ಎತ್ತರದಲ್ಲಿರೋ ಗಡಿಯಾರ ಕೆಳಗಿರೋದಕ್ಕಿಂತ ಬೇಗ ಓಡುತ್ತೆ. ಭೂಮಿ ಹತ್ರ 1 ಮೀಟರ್ ಎತ್ತರದ ವ್ಯತ್ಯಾಸಕ್ಕೆ ಎರಡು ಗಡಿಯಾರ 1 ಸೆಕೆಂಡ್ ಹೆಚ್ಚುಕಮ್ಮಿ ಆಗಬೇಕಂದ್ರೆ ಸುಮಾರು 29 ಕೋಟಿ ವರ್ಷ ಕಾಯಬೇಕು, ಅಷ್ಟು ಸಣ್ಣದು. ಸಣ್ಣದಾದ್ರೂ ಅಳೆದಿದಾರೆ. 1960ರ ಹೊತ್ತಿಗೆ ಪೌಂಡ್ ಮತ್ತು ರೆಬ್ಕಾ ಅನ್ನೋ ಭೌತವಿಜ್ಞಾನಿಗಳು ಹಾರ್ವರ್ಡಲ್ಲಿ 22.5 ಮೀಟರ್ ಎತ್ತರದಲ್ಲಿ ಗಾಮಾ ಕಿರಣ ಬಳಸಿ ಅಳೆದ್ರು. 2010ರಲ್ಲಿ ಅಮೆರಿಕಾದ ಅಳತೆ ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿಯವರು ಒಂದು ಪರಮಾಣು ಗಡಿಯಾರಾನ ಬರೀ 33 ಸೆಂಟಿಮೀಟರ್ ಮೇಲೆತ್ತಿ ಅದು ಬೇಗ ಓಡೋದನ್ನ ತೋರಿಸಿದ್ರು. 2022ರಲ್ಲಿ ಅದು 1 ಮಿಲಿಮೀಟರಿಗೆ ಇಳಿದಿದೆ, ಒಂದೇ ಪರಮಾಣು ಮೋಡದ ಮೇಲ್ಭಾಗ ಕೆಳಭಾಗದ ಮಧ್ಯೆ. ಜಿಪಿಎಸ್ ಉಪಗ್ರಹದ ಗಡಿಯಾರ ಎತ್ತರದಿಂದಾಗಿ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ, ವೇಗದಿಂದಾಗಿ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತೆ, ಒಟ್ಟು 38 ಮುಂದೆ, ಅದನ್ನ ಸರಿ ಮಾಡದಿದ್ರೆ ಮ್ಯಾಪ್ ಒಂದೇ ದಿನದಲ್ಲಿ ಕಿಲೋಮೀಟರ್‌ಗಟ್ಟಲೆ ದಾರಿ ತಪ್ಪಿಸುತ್ತೆ.

ಈ ಜಿಪಿಎಸ್ ಲೆಕ್ಕದಲ್ಲೇ ಕಲ್ಲಿನ ದಾರಿಯ ರಹಸ್ಯ ಇದೆ ನೋಡಿ, ಮೇಲೆ ಹೋದ್ರೆ ಗಡಿಯಾರಕ್ಕೆ ಲಾಭ, ಓಡಿದ್ರೆ ನಷ್ಟ. ಈಗ ನಿಮ್ಮ ಕೈಲಿ ಒಂದು ಗಡಿಯಾರ ಇದೆ, ಅದನ್ನ 2 ಸೆಕೆಂಡ್ ಮಟ್ಟಿಗೆ ಬೇಕಾದ ಹಾಗೆ ಓಡಾಡಿಸಿ ಸರಿಯಾಗಿ 2 ಸೆಕೆಂಡಿಗೆ ವಾಪಸ್ ಕೈಗೆ ತರಬೇಕು, ಗಡಿಯಾರ ಆದಷ್ಟೂ ಹೆಚ್ಚು ಹೊತ್ತು ತೋರಿಸಬೇಕು, ಇದು ಪಂದ್ಯ. ಸುಮ್ನೆ ಕೈಲೇ ಹಿಡ್ಕೊಂಡಿದ್ರೆ ಲಾಭ ನಷ್ಟ ಎರಡೂ ಸೊನ್ನೆ. ಮೇಲೆ ಕಳಿಸಿದ್ರೆ ಎತ್ತರದ ಲಾಭ ಬರುತ್ತೆ, ಆದ್ರೆ 2 ಸೆಕೆಂಡಲ್ಲಿ ಹೋಗಿ ಬರೋಕೆ ಓಡಬೇಕು, ಅದಕ್ಕೆ ನಷ್ಟ. ತೀರಾ ಮೇಲೆ ಹೋಗೋ ದುರಾಸೆ ಪಟ್ರೆ ವೇಗ ಜಾಸ್ತಿ ಬೇಕು, ವೇಗದ ನಷ್ಟ ವರ್ಗದಲ್ಲಿ ಬೆಳೆಯುತ್ತೆ, ಲಾಭ ಬರೀ ಎತ್ತರಕ್ಕೆ ತಕ್ಕಷ್ಟು.

ಲೆಕ್ಕ ಹಾಕಿಬಿಡೋಣ. ಗಾಳಿ ಇಲ್ಲ ಅಂತ ಇಟ್ಕೊಂಡು ಗಡಿಯಾರಾನ ಸೆಕೆಂಡಿಗೆ 9.8 ಮೀಟರ್ ವೇಗದಲ್ಲಿ ಮೇಲಕ್ಕೆಸೆದು ಬಿಟ್ಟರೆ 4.9 ಮೀಟರ್ ಹೋಗಿ ಸರಿಯಾಗಿ 2 ಸೆಕೆಂಡಿಗೆ ಕೈಗೆ ಬರುತ್ತೆ. ಎತ್ತರದಿಂದ ಸಿಗೋ ಲಾಭ ಸುಮಾರು 0.71 ಫೆಮ್ಟೋಸೆಕೆಂಡ್, ಅಂದ್ರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಮ್ಮಿ. ವೇಗದಿಂದಾಗೋ ನಷ್ಟ ಅದರ ಕರಾರುವಾಕ್ಕು ಅರ್ಧ. ಉಳಿದರ್ಧ, 0.36 ಹತ್ರ, ನಿವ್ವಳ ಲಾಭ. ಈಗ ಒಂದು ಪುಟ್ಟ ರಾಕೆಟ್ ಕಟ್ಟಿ ಅದೇ 2 ಸೆಕೆಂಡಲ್ಲಿ ಅದೇ ಆಕಾರದಲ್ಲಿ ಒಂದೂವರೆ ಪಟ್ಟು ಎತ್ತರ ಕಳಿಸಿ, ಲಾಭ ಒಂದೂವರೆ ಪಟ್ಟು ಆಗುತ್ತೆ, ನಷ್ಟ ಎರಡೂಕಾಲು ಪಟ್ಟು, ನಿವ್ವಳ 0.27ಕ್ಕೆ ಇಳಿಯುತ್ತೆ. ಎರಡು ಪಟ್ಟು ಎತ್ತರ ಕಳಿಸಿದ್ರೆ ಲಾಭ ಎಲ್ಲಾ ನಷ್ಟಕ್ಕೆ ಹೋಗಿ ಸೊನ್ನೆ, ಇಷ್ಟೆಲ್ಲ ಒದ್ದಾಡೋ ಬದಲು ಕೈಲೇ ಇಟ್ಕೊಂಡಿದ್ರೂ ಅಷ್ಟೇ ಆಗಿರೋದು. ಅರ್ಧ ಎತ್ತರಕ್ಕೆ ನಿಲ್ಲಿಸಿದ್ರೆ ಮತ್ತೆ 0.27. ಈ ಕಡೆ ತಳ್ಳಿದ್ರೂ ಕಮ್ಮಿ, ಆ ಕಡೆ ತಳ್ಳಿದ್ರೂ ಕಮ್ಮಿ, ನೆತ್ತಿ ಮೇಲೆ ಕೂತಿರೋದು ಯಾರೂ ಮುಟ್ಟದೆ ಬಿಟ್ಟ ಕಲ್ಲಿನ ದಾರಿ. ಆಕಾರ ಬದಲಾಯಿಸಿ ನೋಡಿದ್ರೂ, ಬೇಗ ಏರಿ ನಿಧಾನ ಇಳಿದು, ಮಧ್ಯದಲ್ಲಿ ನಿಂತು, ಏನೇ ಸರ್ಕಸ್ ಮಾಡಿದ್ರೂ ಎಸೆದ ಕಲ್ಲಿನ ಆ ಪ್ಯಾರಾಬೋಲಾ ಕಮಾನನ್ನ ಸೋಲಿಸೋಕಾಗಲ್ಲ. ನಾವು ಸ್ಕೂಲಲ್ಲಿ ಅಷ್ಟು ಬೇಜಾರಲ್ಲಿ ಬರೆದ ಆ ಸಮೀಕರಣ ಈ ಪಂದ್ಯದ ಉತ್ತರ. ಗಡಿಯಾರದ ಲಾಭ ನಷ್ಟದ ಈ ಲೆಕ್ಕ ಮೆಕ್ಯಾನಿಕ್ಸ್ ಓದಿದವರಿಗೆ ಎಲ್ಲೋ ನೋಡಿದ ಹಾಗೆ ಅನ್ಸಿರುತ್ತೆ, ಚಲನಶಕ್ತಿಯಿಂದ ಸ್ಥಾನಶಕ್ತಿ ಕಳೆದು ಮೊತ್ತ ಕನಿಷ್ಠ ಮಾಡೋ ಆಕ್ಷನ್ ನಿಯಮ ಇದೆಯಲ್ಲ, ಅದೇ ಇದು, ಚಿಹ್ನೆ ಮಾತ್ರ ತಿರುಗಿಸಿ. ಆಕ್ಷನ್ ಅನ್ನೋ ಆ ವಿಚಿತ್ರ ಮೊತ್ತಕ್ಕೆ ಅರ್ಥ ಏನು ಅಂತ ನೂರಾರು ವರ್ಷ ಜನ ತಲೆ ಕೆರ್ಕೊಂಡಿದ್ರು, ಬೀಳೋ ವಸ್ತುವಿನ ವಿಷಯದಲ್ಲಿ ಅದು ಗಡಿಯಾರದ ಓದು ಅಷ್ಟೇ.

ಇಷ್ಟೊತ್ತಿಗೆ ಒಂದು ತಕರಾರು ಬರಲೇಬೇಕು. ನೆಲ ಮೇಲಕ್ಕೆ ದಬ್ತಾ ಇದೆ ಅಂದ್ರೆ, ಭೂಮಿಯ ಈ ಬದಿಯ ನೆಲಾನೂ ಹೊರಗಡೆಗೆ, ಆ ಬದಿಯ ನೆಲಾನೂ ಹೊರಗಡೆಗೆ ವೇಗೋತ್ಕರ್ಷದಲ್ಲಿದೆ ಅಂತಾಯ್ತು, ಹಾಗಾದ್ರೆ ಭೂಮಿ ಬಲೂನ್ ಥರ ಯಾಕೆ ಊದ್ಕೊಂಡಿಲ್ಲ? ಒಳ್ಳೇ ಪ್ರಶ್ನೆ, ಮತ್ತು ಬಾಗು ಅನ್ನೋ ಮಾತು ನಿಜವಾಗಿ ಬೇಕಾಗೋದೇ ಇಲ್ಲಿ. ಒಂದು ಲಿಫ್ಟ್ ಒಳಗೆ ಮಾತ್ರ ನೋಡ್ತಿದ್ರೆ, ನೆಲ ಮೇಲೆ ಬರ್ತಿದೆ ಅಂದ್ಕೊಂಡು ಕಥೆ ಮುಗಿಸಬಹುದಿತ್ತು, ಬಾಗು ಯಾಕೆ ಬೇಕು? ಲಿಫ್ಟ್ ದೊಡ್ಡದಾದಾಗ ಗುಟ್ಟು ಬಯಲಾಗುತ್ತೆ. ಅಕ್ಕಪಕ್ಕ 1 ಮೀಟರ್ ದೂರದಲ್ಲಿ ಎರಡು ಗುಂಡನ್ನ ಒಟ್ಟಿಗೆ ಬಿಡಿ, 20 ಮೀಟರ್ ಬೀಳೋ ಹೊತ್ತಿಗೆ ಅವು ಸುಮಾರು 3 ಮೈಕ್ರೋಮೀಟರ್ ಹತ್ರ ಬಂದಿರುತ್ತವೆ, ಯಾಕಂದ್ರೆ ಎರಡೂ ಭೂಮಿಯ ಕೇಂದ್ರದ ಕಡೆ ಹೊರಟಿವೆ. ಒಂದರ ಮೇಲೊಂದು ಇಟ್ಟು ಬಿಟ್ಟರೆ ದೂರ ಸರಿಯುತ್ತವೆ, ಕೆಳಗಿನದು ಸ್ವಲ್ಪ ಜೋರಾಗಿ ಬೀಳೋದ್ರಿಂದ. ಯಾವುದರ ಮೇಲೂ ಬಲ ಇಲ್ಲ, ಸೆನ್ಸರ್ ಇಟ್ಟರೆ ಎರಡರಲ್ಲೂ ಸೊನ್ನೆ, ಆದ್ರೂ ಹತ್ರ ಬರ್ತಿವೆ. ಭೂಮಧ್ಯರೇಖೆಯಿಂದ ಇಬ್ಬರು ಅಕ್ಕಪಕ್ಕ ಸಮಾನಾಂತರವಾಗಿ ಉತ್ತರಕ್ಕೆ ಹೊರಟು, ಎಡಕ್ಕೂ ಬಲಕ್ಕೂ ತಿರುಗದೆ ನಡೆದ್ರೆ ಧ್ರುವದಲ್ಲಿ ಡಿಕ್ಕಿ ಹೊಡೀತಾರೆ, ಅವರ ಮಧ್ಯೆ ಆಕರ್ಷಣೆ ಏನೂ ಇಲ್ಲ, ನಡೆದ ನೆಲ ದುಂಡಗಿದೆ ಅಷ್ಟೇ. ಬಾಗಿನ ನಿಜವಾದ ಸಾಕ್ಷಿ ಒಂದು ಕಲ್ಲು ಬೀಳೋದಲ್ಲ, ಎರಡು ಕಲ್ಲು ಬೀಳೋವಾಗ ಅವುಗಳ ನಡುವಿನ ಅಂತರ ಬದಲಾಗೋದು. ಸಮುದ್ರದ ಉಬ್ಬರ ಇಳಿತ ಇದೇ ವಿಷಯ ದೊಡ್ಡ ಪ್ರಮಾಣದಲ್ಲಿ.

ಭೂಮಿ ಊದ್ಕೊಳ್ಳದೇ ಇರೋದೂ ಇದರಿಂದಾನೇ. ಸುಮ್ನೆ ಬಿಟ್ಟರೆ ಎಲ್ಲಾ ಕಡೆಯ ನೆಲಾನೂ ಒಳಗಡೆಗೆ ಕೂಡೋ ಜಿಯೋಡೆಸಿಕ್ ಹಿಡಿಯುತ್ತಿತ್ತು. ಇರೋ ದೂರದಲ್ಲೇ ಇರೋಕೆ ಕೆಳಗಿನ ಬಂಡೆ ಮೇಲಿನ ಬಂಡೇನ ಒಂದೇ ಸಮ ಹೊರಗಡೆ ದಬ್ತಾ ಇರಬೇಕು. ದಬ್ಬೋದು ನಿಂತ್ರೆ ಏನಾಗುತ್ತೆ ಅನ್ನೋದು ದೊಡ್ಡ ನಕ್ಷತ್ರಗಳು ಕೊನೆಗಾಲದಲ್ಲಿ ಒಳಗಡೆಗೆ ಕುಸಿದಾಗ ಗೊತ್ತಾಗುತ್ತೆ.

ಜಾಗದ ಬಾಗಿಗೆ ಅಷ್ಟೊಂದು ಅವಮಾನ ಮಾಡಿದ್ದಕ್ಕೆ ಒಂದು ಮಾತು ಹೇಳಲೇಬೇಕು. ನಿಧಾನವಾಗಿ ಹೋಗೋರಿಗೆ ಮಾತ್ರ ಅದು ಲೆಕ್ಕಕ್ಕಿಲ್ಲ. ಬೆಳಕಿಗೆ ಕಾಲದ ಬಾಗು, ಜಾಗದ ಬಾಗು ಇಬ್ಬರ ಪಾಲೂ ಸಮ. 1911ರಲ್ಲಿ ಐನ್‌ಸ್ಟೈನ್ ಕಾಲದ ಭಾಗ ಮಾತ್ರ ಇಟ್ಕೊಂಡು ಸೂರ್ಯನ ಅಂಚಲ್ಲಿ ನಕ್ಷತ್ರದ ಬೆಳಕು ಎಷ್ಟು ಬಾಗುತ್ತೆ ಅಂತ ಲೆಕ್ಕ ಹಾಕಿದಾಗ ಬಂದಿದ್ದು 0.83 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದ್ರೆ ಒಂದು ಡಿಗ್ರಿಯ 3600ನೇ ಒಂದು ಭಾಗ; ಇವತ್ತಿನ ನಿಖರ ಅಳತೆ ಹಾಕಿದ್ರೆ 0.87), 1915ರಲ್ಲಿ ಪೂರ್ತಿ ಸಿದ್ಧಾಂತ ಕೈಗೆ ಬಂದಾಗ ಅದು ಎರಡರಷ್ಟಾಗಿ 1.75 ಆಯ್ತು. 1919ರ ಮೇ ಗ್ರಹಣದಲ್ಲಿ ಪ್ರಿನ್ಸಿಪೆ ದ್ವೀಪದಲ್ಲೂ ಬ್ರೆಜಿಲ್‌ನ ಸೊಬ್ರಾಲ್‌ನಲ್ಲೂ ತೆಗೆದ ಫೋಟೋಗಳು ದೊಡ್ಡ ಸಂಖ್ಯೆಯ ಪರವಾಗಿದ್ವು.

ಈಗ ನಂಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ. ಗಡಿಯಾರ ಅತಿ ಹೆಚ್ಚು ತೋರಿಸೋ ದಾರಿ ಇದು ಅಂತ ನಾವು ಲೆಕ್ಕ ಹಾಕಿ ಹೇಳಿದ್ವಿ, ಕಲ್ಲಿಗೆ ಹೇಗೆ ಗೊತ್ತಾಯ್ತು? ಅದು ಎಲ್ಲಾ ದಾರೀನೂ ನೋಡಿ, ಕೂಡಿ ಕಳೆದು, ಆಮೇಲೆ ಹೊರಡುತ್ತಾ?

ಒಂದು ಉತ್ತರ ಸಪ್ಪೆ, ಆದ್ರೆ ಗಟ್ಟಿ. ಕಲ್ಲಿಗೆ ಏನೂ ಗೊತ್ತಾಗಬೇಕಿಲ್ಲ. ಪ್ರತಿ ಕ್ಷಣ ಅದು ಪಾಲಿಸೋದು ಪಕ್ಕದಲ್ಲೇ ಸಿಗೋ ಒಂದು ನಿಯಮ, ಈಗ ಹೋಗ್ತಿರೋ ದಿಕ್ಕಲ್ಲೇ ಮುಂದಿನ ಕ್ಷಣಾನೂ ಹೋಗು, ತಿರುಗಬೇಡ. ಇಲ್ಲಿ ದಿಕ್ಕು ಅಂದ್ರೆ ಸ್ಪೇಸ್‌ಟೈಮಿನ ದಿಕ್ಕು, ಕಾಲಾನೂ ಸೇರಿ. ಈ ಚಿಕ್ಕ ನಿಯಮಾನ ಕ್ಷಣ ಕ್ಷಣ ಪೋಣಿಸಿದ್ರೆ ಸಿಗೋ ದಾರೀನೂ, ಗಡಿಯಾರದ ಪಂದ್ಯ ಗೆಲ್ಲೋ ದಾರೀನೂ ಒಂದೇ ಅಂತ ಗಣಿತದಲ್ಲಿ ಸಾಧಿಸಬಹುದು. ಪಂದ್ಯದ ಭಾಷೆ ನಮ್ಮ ಅನುಕೂಲಕ್ಕೆ.

ಸರಿ, ತಿರುಗಬೇಡ ಅನ್ನೋ ಆ ನಿಯಮಾನಾದ್ರೂ ಯಾರು ಮಾಡಿದ್ರು? ಇಲ್ಲಿ ಗುರುತ್ವ ಬೇರೆಲ್ಲಾ ಬಲಗಳಿಗಿಂತ ಪೂರ್ತಿ ಬೇರೆ ಆಗಿಬಿಡುತ್ತೆ. ವಿದ್ಯುತ್ಕಾಂತೀಯ ಸಿದ್ಧಾಂತದಲ್ಲಿ ಕ್ಷೇತ್ರ ಹೇಗಿರುತ್ತೆ ಅಂತ ಹೇಳೋಕೆ ಮ್ಯಾಕ್ಸ್‌ವೆಲ್ ಸಮೀಕರಣ ಇವೆ, ಆ ಕ್ಷೇತ್ರದಲ್ಲಿ ವಿದ್ಯುದಂಶ ಹೇಗೆ ಓಡುತ್ತೆ ಅಂತ ಹೇಳೋಕೆ ಲೊರೆಂಟ್ಸ್ ಬಲದ ನಿಯಮಾನ ಬೇರೆಯಾಗಿ ಸೇರಿಸಬೇಕು. ಐನ್‌ಸ್ಟೈನ್ ಕೂಡ ಮೊದಲು ಜಿಯೋಡೆಸಿಕ್ ನಿಯಮಾನ ಹಾಗೇ ಪ್ರತ್ಯೇಕವಾಗಿ ಇಟ್ಕೊಂಡಿದ್ರು. ಆಮೇಲೆ 1927ರಲ್ಲಿ ಗ್ರೊಮರ್ ಜೊತೆ, 1938ರಲ್ಲಿ ಇನ್‌ಫೆಲ್ಡ್ ಮತ್ತು ಹಾಫ್‌ಮನ್ ಜೊತೆ ಸೇರಿ ತೋರಿಸಿದ್ದು ಏನಂದ್ರೆ, ಅದನ್ನ ಪ್ರತ್ಯೇಕವಾಗಿ ಇಡೋ ಅಗತ್ಯಾನೇ ಇಲ್ಲ. ದ್ರವ್ಯ ಸ್ಪೇಸ್‌ಟೈಮನ್ನ ಹೇಗೆ ಬಾಗಿಸುತ್ತೆ ಅಂತ ಹೇಳೋ ಸಮೀಕರಣದ ಒಳಗೇ, ಶಕ್ತಿ ಮತ್ತು ಸಂವೇಗ ಯಾವ ಪುಟ್ಟ ಜಾಗದಲ್ಲೂ ಸುಮ್ಸುಮ್ನೆ ಹುಟ್ಟಬಾರದು ಮಾಯ ಆಗಬಾರದು ಅನ್ನೋ ಷರತ್ತು ಅಡಗಿದೆ. ಒಂದು ಪುಟ್ಟ ಕಲ್ಲು ಬೇರೆ ಯಾರೂ ದಬ್ಬದೇ ಜಿಯೋಡೆಸಿಕ್ ಬಿಟ್ಟು ಪಕ್ಕಕ್ಕೆ ಸರಿದ್ರೆ ಆ ಷರತ್ತು ಮುರಿಯುತ್ತೆ, ಅಂಥ ಕಲ್ಲಿಗೆ ಹೊಂದೋ ಸ್ಪೇಸ್‌ಟೈಮೇ ಇರೋಕಾಗಲ್ಲ. ನಂಗಿದು ಆ ಸಿದ್ಧಾಂತದ ಅತಿ ಚೆಂದದ ಭಾಗ ಅನ್ಸುತ್ತೆ, ಜನಪ್ರಿಯ ಲೇಖನಗಳಲ್ಲಿ ಮಾತ್ರ ಇದು ಕಾಣೋದು ಅಪರೂಪ, ರಬ್ಬರ್ ಹಾಳೆಗೇ ಪುಟ ಮುಗಿದಿರುತ್ತೆ.

ಇನ್ನೊಂದು ಉತ್ತರ ಕ್ವಾಂಟಂ ಕಡೆಯಿಂದ, ಅಂದ್ರೆ ಪರಮಾಣುವಿನಷ್ಟು ಸಣ್ಣ ಕಣಗಳ ಭೌತಶಾಸ್ತ್ರದಿಂದ ಬರುತ್ತೆ. ಪ್ರತಿ ಕಣಾನೂ ಒಂದು ಅಲೆ ಥರ ನಡ್ಕೊಳ್ಳುತ್ತೆ, ಆ ಅಲೆ ಎಷ್ಟು ಸುತ್ತು ಸುತ್ತಿದೆ ಅನ್ನೋ ಲೆಕ್ಕ ನಿಲ್ಲೋದು ಕಣದ ದ್ರವ್ಯರಾಶಿ ಮತ್ತು ಅದರ ಸ್ವಂತ ಗಡಿಯಾರದ ಮೇಲೆ. ಅಲೆ ಎಲ್ಲಾ ದಾರೀಲೂ ಹರಡುತ್ತೆ, ಇಲ್ಲಿ, ಕಲ್ಲು ಎಲ್ಲಾ ದಾರೀನೂ ನೋಡುತ್ತಾ ಅಂತ ಹಿಂದಿನ ಪ್ಯಾರಾಗಳಲ್ಲಿ ತಮಾಷೆಗೆ ಕೇಳಿದ ಪ್ರಶ್ನೆಗೆ ಉತ್ತರ ಹೌದು ಅಂತಾಗಿಬಿಡುತ್ತೆ. ಅಕ್ಕಪಕ್ಕದ ಎರಡು ದಾರೀಲಿ ಗಡಿಯಾರದ ಓದು ಬೇರೆ ಬೇರೆ ಇದ್ರೆ ಅಲೆಗಳ ಏರಿಳಿತ ಹೊಂದದೆ ಒಂದನ್ನೊಂದು ಅಳಿಸಿಹಾಕುತ್ತವೆ. ಓದು ನೆತ್ತಿ ಮುಟ್ಟಿದ ಕಡೆ ಮಾತ್ರ, ದಾರಿ ಸ್ವಲ್ಪ ಅತ್ತಿತ್ತ ಆದ್ರೂ ಓದು ಹೆಚ್ಚುಕಮ್ಮಿ ಬದಲಾಗಲ್ಲ, ಅಲ್ಲಿ ಅಲೆಗಳು ಒಟ್ಟುಗೂಡಿ ಉಳ್ಕೊಳ್ಳುತ್ತವೆ. ಕಲ್ಲಿನಂಥ ಭಾರದ ವಸ್ತುವಿಗೆ ಸುತ್ತಿನ ಸಂಖ್ಯೆ ಊಹೆಗೂ ಮೀರಿದ್ದು, ಹಾಗಾಗಿ ಒಂದೇ ಒಂದು ದಾರಿ ಬಿಟ್ಟು ಮಿಕ್ಕೆಲ್ಲ ಅಳಿಸಿ ಹೋಗುತ್ತೆ. ನ್ಯೂಟ್ರಾನ್‌ನಂಥ ಹಗುರ ಕಣಕ್ಕೆ ಬೇರೆ ದಾರಿಗಳೂ ಅಷ್ಟಿಷ್ಟು ಉಳಿಯುತ್ತವೆ. 1975ರಲ್ಲಿ ಕೊಲೆಲ್ಲಾ, ಓವರ್‌ಹೌಸರ್ ಮತ್ತು ವರ್ನರ್ ಒಂದು ನ್ಯೂಟ್ರಾನ್ ಕಿರಣಾನ ಸಿಲಿಕಾನ್ ಹರಳಲ್ಲಿ ಎರಡಾಗಿ ಸೀಳಿ, ಒಂದು ಕವಲನ್ನ ಮೇಲೆ, ಇನ್ನೊಂದನ್ನ ಕೆಲವು ಸೆಂಟಿಮೀಟರ್ ಕೆಳಗೆ ಕಳಿಸಿ ಮತ್ತೆ ಸೇರಿಸಿದಾಗ, ಎತ್ತರದ ವ್ಯತ್ಯಾಸಕ್ಕೆ ತಕ್ಕ ಹಾಗೆ ಅಲೆಗಳು ಮುಂದೆ ಹಿಂದೆ ಆಗಿರೋದು ಕಂಡಿತು.

ಅತಿ ಹೆಚ್ಚು ಅನ್ನೋ ಪದಾನ ನಾನು ಇಷ್ಟೊತ್ತು ಧಾರಾಳವಾಗಿ ಬಳಸಿದೀನಿ, ಅದಕ್ಕೊಂದು ಮಿತಿ ಇದೆ. 400 ಕಿಲೋಮೀಟರ್ ಮೇಲಿರೋ ಬಾಹ್ಯಾಕಾಶ ನಿಲ್ದಾಣ ಸುಮಾರು 92 ನಿಮಿಷಕ್ಕೊಂದು ಸುತ್ತು ಬರುತ್ತೆ. ಭೂಮಿ ತಿರುಗೋದನ್ನ ಮರೆತು, ನಿಲ್ದಾಣ ಹೊರಟ ಅದೇ ಜಾಗದಿಂದ ಅದೇ ಕ್ಷಣ ಒಂದು ಗಡಿಯಾರಾನ ನೆಟ್ಟಗೆ ಮೇಲಕ್ಕೆ, ಸರಿಯಾಗಿ 92 ನಿಮಿಷಕ್ಕೆ ವಾಪಸ್ ಬರೋ ಹಾಗೆ ಎಸೆದ್ರು ಅಂದ್ಕೊಳ್ಳಿ. ಇಬ್ಬರೂ ಪೂರ್ತಿ ಬೀಳ್ತಾನೇ ಇದ್ರು, ಇಬ್ಬರದ್ದೂ ಜಿಯೋಡೆಸಿಕ್, ಒಟ್ಟಿಗೆ ಹೊರಟು ಒಟ್ಟಿಗೆ ಸೇರಿದ್ರು, ಆದ್ರೆ ಮೇಲೆ ಹೋಗಿ ಬಂದ ಗಡಿಯಾರ ಜಾಸ್ತಿ ತೋರಿಸುತ್ತೆ. ಹಾಗಾಗಿ ಖಂಡಿತವಾಗಿ ಹೇಳಬಹುದಾದ್ದು ಇಷ್ಟು, ಚಿಕ್ಕ ಚಿಕ್ಕ ತುಂಡಿನ ಮಟ್ಟಿಗೆ ಜಿಯೋಡೆಸಿಕ್ ಗೆಲ್ಲುತ್ತೆ, ದೂರದ ಪ್ರಯಾಣದಲ್ಲಿ ಒಂದಕ್ಕಿಂತ ಹೆಚ್ಚು ನೇರ ದಾರಿ ಇರಬಹುದು, ಕಲ್ಲು ಯಾವುದು ಹಿಡಿಯುತ್ತೆ ಅನ್ನೋದು ಅದನ್ನ ಯಾವ ವೇಗದಲ್ಲಿ ಯಾವ ಕಡೆ ಎಸೆದ್ರು ಅನ್ನೋದ್ರ ಮೇಲೆ. ತಿರುಗ್ತಾ ಇರೋ ವಸ್ತುಗಳು ಜಿಯೋಡೆಸಿಕ್‌ನಿಂದ ಕೂದಲೆಳೆಯಷ್ಟು ಸರಿಯುತ್ತವೆ, ದೊಡ್ಡ ವಸ್ತುಗಳಿಗೆ ಅವುಗಳ ಗಾತ್ರದಿಂದಾಗೋ ತೊಡಕು ಬೇರೆ, ಅವೆಲ್ಲ ಇಲ್ಲಿ ಬೇಡ.

ನಿಜವಾಗಿ ಏನೂ ಮುಟ್ಟದ ಬೀಳುವಿಕೆ ಸೃಷ್ಟಿ ಮಾಡೋದು ಎಷ್ಟು ಕಷ್ಟ ಅಂತ ನೋಡೋಕೆ ಲೀಸಾ ಪಾತ್‌ಫೈಂಡರ್ ಕಥೆ ಓದಬೇಕು. 2015ರ ಡಿಸೆಂಬರ್‌ನಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಪರೀಕ್ಷೆಗಂತ ಹಾರಿಸಿದ ನೌಕೆ, ಒಳಗೆ 46 ಮಿಲಿಮೀಟರ್ ಅಗಲದ, ಸುಮಾರು 2 ಕಿಲೋ ತೂಕದ, ಚಿನ್ನ ಪ್ಲಾಟಿನಂ ಬೆರೆಸಿದ ಎರಡು ಘನ (ಕ್ಯೂಬ್), ಮಧ್ಯೆ 38 ಸೆಂಟಿಮೀಟರ್ ಅಂತರ. ಬಾಹ್ಯಾಕಾಶದಲ್ಲೂ ಸೂರ್ಯನ ಬೆಳಕು ನೌಕೆಯನ್ನ ಮೆಲ್ಲಗೆ ದಬ್ಬುತ್ತೆ, ಆದ್ರೆ ಒಳಗಿರೋ ಘನಕ್ಕೆ ಅದು ತಾಕಲ್ಲ. ಹಾಗಾಗಿ ಇಲ್ಲಿ ಘನಾನ ನೌಕೆ ಹೊತ್ಕೊಂಡು ಹೋಗಲ್ಲ, ಘನ ತನ್ನ ಪಾಡಿಗೆ ಬೀಳುತ್ತೆ, ನೌಕೆ ಪುಟ್ಟ ಪುಟ್ಟ ಥ್ರಸ್ಟರ್ ಬಳಸ್ಕೊಂಡು ಅದಕ್ಕೆ ಗೋಡೆ ತಾಗದ ಹಾಗೆ ಅದರ ಸುತ್ತ ಸರ್ಕೊಂಡು ಹಿಂಬಾಲಿಸುತ್ತೆ. ಅದು ನಿರೀಕ್ಷೆಗಿಂತ ಚೆನ್ನಾಗಿ ಕೆಲಸ ಮಾಡಿದ್ದರಿಂದ 2024ರ ಜನವರಿಯಲ್ಲಿ ಮುಖ್ಯ ಯೋಜನೆ ಲೀಸಾಗೆ ಒಪ್ಪಿಗೆ ಸಿಕ್ಕಿದೆ, ಹಾರೋದು 2030ರ ದಶಕದ ಮಧ್ಯಭಾಗದಲ್ಲಿ. ಮೂರು ನೌಕೆ, ಒಂದರಿಂದೊಂದು 25 ಲಕ್ಷ ಕಿಲೋಮೀಟರ್ ದೂರ, ಪ್ರತಿಯೊಂದರಲ್ಲೂ ಇಂಥ ಬೀಳ್ತಿರೋ ಘನಗಳು, ಮಧ್ಯೆ ಲೇಸರ್. ದೂರದಲ್ಲೆಲ್ಲೋ ಎರಡು ದೈತ್ಯ ಕಪ್ಪುಕುಳಿಗಳು ಸೇರಿದಾಗ ಹೊರಡೋ ಗುರುತ್ವದ ಅಲೆ ಹಾದುಹೋದ್ರೆ ಆ ಘನಗಳ ನಡುವಿನ ಅಂತರ ಪರಮಾಣುವಿನ ಗಾತ್ರದ ಲೆಕ್ಕದಲ್ಲಿ ಹಿಗ್ಗಿ ಕುಗ್ಗುತ್ತೆ, ಅಷ್ಟು ಹೊತ್ತೂ ಒಂದೊಂದು ಘನದ ಸೆನ್ಸರ್ ಸೊನ್ನೆನೇ ತೋರಿಸ್ತಿರುತ್ತೆ.